ತಿಗನಾರೆಯ ಪುಟ್ಟಮಾದಮ್ಮ ಫಿನ್‌ಲೆಂಡಿನಲ್ಲಿ ಉಸಿರು ಊದಿದ್ದು

ಹೆಲ್ಸಿಂಕಿ, ಸುಂಕದ ಮೇಜು

ಅಧಿಕಾರಿ ಮೊದಲು ಕೋಲನ್ನು ಹೊರತೆಗೆದ. ಆಮೇಲೆ ಅಲ್ಯುಮಿನಿಯಂ ಪಾತ್ರೆ. ಆಮೇಲೆ ರಾಗಿ ಹಿಟ್ಟಿನ ಚೀಲ. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಅವುಗಳ ಸಂಬಂಧವನ್ನು ತಾನೇ ಕಂಡುಹಿಡಿಯಬೇಕೆಂಬಂತೆ ಒಂದೊಂದನ್ನೂ ತಿರುಗಿಸಿ ನೋಡಿದ. ನನ್ನ ಪಕ್ಕದಲ್ಲಿ ಪುಟ್ಟಮಾದಮ್ಮ ಕೈಕಟ್ಟಿ ನಿಂತಿದ್ದರು.

“ಕೂಸೆ, ಅದು ಒಡೆಯೋ ಕೋಲಲ್ಲ, ಇಟ್ಟು ತಿರುವೋ ಕೋಲು ಅಂತ ಯೋಳು. ಪಾಪ, ಎದ್ರುಕೊಂಡವ್ನೆ.”

ಮುದ್ದೆ ತಿರುವುವ ಕೋಲೆಂದು ನಾನು ಹೇಳಿದೆ. ಅವನು ಚೀಲಕ್ಕೆ ಮೂಗು ಒಡ್ಡಿ ವಾಸನೆ ನೋಡಿದ. ಅವರ ದೇಶದಲ್ಲೂ ಹೀಗೇ ಒಂದು ಧಾನ್ಯವಿದೆಯಂತೆ, ಅದರ ಕಪ್ಪು ರೊಟ್ಟಿ ಅವನ ಅಜ್ಜಿ ಮಾಡುತ್ತಿದ್ದಳಂತೆ. ಅಷ್ಟು ಹೇಳಿ, ಪುಟ್ಟಮಾದಮ್ಮ ಹಾಕಿದ್ದ ಗಂಟನ್ನು ಹಾಕಿದ್ದ ಹಾಗೆಯೇ ಮತ್ತೆ ಕಟ್ಟಲು ಎರಡು ಸಲ ಪ್ರಯತ್ನಪಟ್ಟ. ಮೂರನೆಯ ಸಲ ಅವರೇ ಕಟ್ಟಿ ತೋರಿಸಿದರು. ಅವನು ತಲೆಬಾಗಿ ಕಳಿಸಿಕೊಟ್ಟ. ನಮ್ಮ ಚೆಕ್‌ಪೋಸ್ಟುಗಳಲ್ಲಿ ಗಂಟು ಬಿಚ್ಚುವವರನ್ನು ನೋಡಿದ್ದೇನೆ, ಮತ್ತೆ ಕಟ್ಟುವವರನ್ನು ನೋಡಿರಲಿಲ್ಲ.

ನಾವಿಬ್ಬರು ಅಲ್ಲಿಗೆ ಹೋದ ಕಾರಣ ಹೇಳಬೇಕು. ನಾನು ದೊಡ್ಡಗಾಜನೂರಿನವಳು. ಹೊಟ್ಟೆ ಕರುಳಿನ ಕಾಯಿಲೆಗಳ ಬಗ್ಗೆ ಹಲವು ದೇಶಗಳ ಆಸ್ಪತ್ರೆಗಳು ಸೇರಿ ನಡೆಸುತ್ತಿರುವ ಒಂದು ಅಧ್ಯಯನದಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೊಮ್ಮೆ ನಮ್ಮೂರ ಹತ್ತಿರದ, ಬೆಟ್ಟದ ಮೇಲಿನ ತಾಳವಾಡಿಯ ಒಂದು ಬಾಡಿಗೆ ಮನೆಯ ಜಗಲಿಯಲ್ಲಿ ನಮ್ಮ ತಪಾಸಣೆ ನಡೆಯುತ್ತದೆ. ಅಲ್ಲೊಂದು ಚಿಕ್ಕ ಯಂತ್ರವಿದೆ. ರಾತ್ರಿಯಿಂದ ಏನೂ ತಿನ್ನದೆ ಬಂದು ಅದರ ಕೊಳವೆಗೆ ಊದಬೇಕು. ಹಾಲಿನ ಸಕ್ಕರೆ ಕದಡಿದ ನೀರು ಕುಡಿದು, ಮೂರು ಗಂಟೆ ಕೂತು, ಮತ್ತೆ ಮತ್ತೆ ಊದಬೇಕು. ಆ ಸಕ್ಕರೆ ಕರುಳಿನಲ್ಲಿ ಅರಗದಿದ್ದರೆ ಹುಳಿತು ಅನಿಲವಾಗಿ ಉಸಿರಿನಲ್ಲಿ ಬರುತ್ತದೆ, ಯಂತ್ರದಲ್ಲಿ ಸಂಖ್ಯೆ ಏರುತ್ತದೆ. ಸೂಜಿ ಇಲ್ಲ, ನೋವಿಲ್ಲ. ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗಿದವರಿಗೆ ಅರ್ಧ ದಿನದಲ್ಲಿ ಕಾರಣ ಗೊತ್ತಾಗುತ್ತದೆ.

ಹಾಗೆ ಗೊತ್ತಾದವರಲ್ಲಿ ಪುಟ್ಟಮಾದಮ್ಮ ಒಬ್ಬರು. ತಿಗನಾರೆಯಲ್ಲಿ ಕೂಲಿ ಮಾಡುತ್ತಾರೆ, ಎರಡು ಹಸು ಸಾಕಿದ್ದಾರೆ. ಹಾಲು ಅವರಿಗೆ ಆಗುತ್ತಿರಲಿಲ್ಲ, ಅಷ್ಟೇ. ಅದು ತಿಳಿಯುವ ಮೊದಲು ಹುಣ್ಣು ಅಂದವರು, ಹುಳ ಅಂದವರು, ಮಾಟ ಅಂದವರು ಎಲ್ಲ ಆಗಿದ್ದರು. ಅಧ್ಯಯನದ ವಾರ್ಷಿಕ ಸಭೆಗೆ ಪ್ರತಿ ಕೇಂದ್ರದಿಂದಲೂ ಒಬ್ಬ ರೋಗಿ ಬರಬೇಕೆಂಬ ನಿಯಮವಿದೆ. ಯಾರು ಬರುತ್ತೀರಿ ಎಂದಾಗ ಜಗಲಿಯಲ್ಲಿ ಕೈ ಎತ್ತಿದವರು ಅವರೊಬ್ಬರೇ.

ಆದರೆ ಈ ಸಲದ ಸಭೆ ನಮಗೆ ಒಳ್ಳೆಯದಾಗಿರಲಿಲ್ಲ. ತಾಳವಾಡಿ ಕೇಂದ್ರವನ್ನು ಮುಚ್ಚುವ ಪ್ರಸ್ತಾಪವಿತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಎಷ್ಟು ಹೇಳಿದರೂ ನಮ್ಮಲ್ಲಿ ಬಹಳ ಜನ ಊಟ ಮಾಡಿಯೇ ಬರುತ್ತಾರೆ, ಅವರನ್ನು ವಾಪಸು ಕಳಿಸಬೇಕಾಗುತ್ತದೆ ಎಂದು ನಮ್ಮದೇ ದಾಖಲೆ ಹೇಳುತ್ತಿತ್ತು. ನನ್ನ ಕೈಚೀಲದಲ್ಲಿದ್ದ ಪತ್ರದಲ್ಲಿ ಒಂದು ವಾಕ್ಯವಿತ್ತು: ಈ ಕೇಂದ್ರದ ಜನ ಸೂಚನೆಗಳನ್ನು ಪಾಲಿಸುವವರಲ್ಲ. ಕೇಂದ್ರ ಮುಚ್ಚಿದರೆ ಯಂತ್ರ ಕೆಳಗಿನ ಬಯಲಿಗೆ ಹೋಗುತ್ತದೆ. ಹೊಟ್ಟೆ ಕೆಟ್ಟವರು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಹೋಗಬೇಕು. ಆ ಬಸ್ಸಿನಲ್ಲಿ ಗಟ್ಟಿ ಹೊಟ್ಟೆಯವರೇ ಕಿಟಕಿ ಪಕ್ಕದ ಸೀಟಿಗೆ ಜಗಳವಾಡುತ್ತಾರೆ.

ತಾಂಪೆರೆ, ಮಾತಿಲ್ಲದ ಬಸ್ ನಿಲ್ದಾಣ

ಸಭೆ ತಾಂಪೆರೆ ಎಂಬ ಊರಿನಲ್ಲಿ. ಎರಡು ಕೆರೆಗಳ ನಡುವೆ ಕೂತ ಊರು. ಕೆರೆ ಎಂದರೆ ನಮ್ಮಲ್ಲಿಯ ಅಳತೆಯಲ್ಲ, ಆಚೆ ದಡ ಕಾಣುವುದಿಲ್ಲ.

ಬಸ್ಸಿಗೆ ಕಾಯುವವರು ಒಬ್ಬರಿಂದೊಬ್ಬರು ಒಂದು ಮಂಚದಷ್ಟು ದೂರ ಬಿಟ್ಟು ನಿಲ್ಲುತ್ತಾರೆ. ಮಳೆ ಬಂದರೂ ಆ ದೂರ ಕಡಿಮೆಯಾಗುವುದಿಲ್ಲ. ಕೆಲವರು ಸೂರಿನ ಹೊರಗೇ ನೆನೆಯುತ್ತಾರೆ. ಯಾರೂ ಯಾರನ್ನೂ ಎಲ್ಲಿಗೆ, ಯಾರ ಮನೆಗೆ, ಮದುವೆ ಆಯಿತಾ ಎಂದು ಕೇಳುವುದಿಲ್ಲ. ನನಗಂತೂ ಇಷ್ಟು ವರ್ಷ ಹುಡುಕುತ್ತಿದ್ದ ಊರು ಸಿಕ್ಕಂತಾಯಿತು.

ಪುಟ್ಟಮಾದಮ್ಮ ಮಾತ್ರ ಅನುಮಾನದಿಂದ ಸುತ್ತ ನೋಡಿದರು. “ಈ ಊರಲ್ಲಿ ಯಾರಾದ್ರೂ ಸತ್ತವ್ರಾ ಕೂಸೆ?”

“ಇಲ್ಲವ್ವ. ಇವರು ಹೀಗೇ.”

“ಅಂಗಾರ ಸತ್ತಾಗ ಎಂಗಿರ್ತರ?”

ನಮಗೆ ಒಂದು ಅಡುಗೆಮನೆಯಿದ್ದ ಕೋಣೆ ಕೊಟ್ಟಿದ್ದರು. ಅಲ್ಲಿ ನಮ್ಮ ಮೊದಲ ಸೋಲು. ಒಲೆ ಗಾಜಿನ ಹಲಗೆಯಂತಿತ್ತು. ಪಾತ್ರೆ ಇಟ್ಟರೆ ಮೂರು ಸಲ ಕೂಗಿ ಆರಿಹೋಗುತ್ತಿತ್ತು. ಆ ಒಲೆಗೆ ಅಲ್ಯುಮಿನಿಯಂ ಗೊತ್ತಾಗುವುದಿಲ್ಲ, ಕಬ್ಬಿಣದ ಅಂಶ ಬೇಕು ಎಂದು ಗೋಡೆಯ ಮೇಲಿನ ಚೀಟಿ ಓದಿ ತಿಳಿದುಕೊಂಡೆ. ಅಲ್ಲಿದ್ದ ಕಬ್ಬಿಣದ ಪಾತ್ರೆ ಅಂಗೈಯಗಲ. ಕೋಲು ತಿರುವುವುದಿರಲಿ, ನಿಲ್ಲಿಸಲೂ ಜಾಗವಿರಲಿಲ್ಲ.

“ನಮ್ಮೂರ್ ಪಾತ್ರನ ಇಲ್ಲಿ ಒಲೆನೂ ಮಾತಾಡ್ಸಲ್ಲ ನೋಡು,” ಎಂದು ಅವರು ಕೋಲನ್ನು ಮೂಲೆಗೆ ಒರಗಿಸಿದರು.

ಕಾಡು

ಸಭೆಗೆ ಇನ್ನೂ ಒಂದು ದಿನವಿತ್ತು. ಸಭೆ ನಡೆಯುವ ಆಸ್ಪತ್ರೆಯ ಐನೊ ಎಂಬ ದಾದಿ ನಮ್ಮನ್ನು ಕಾಡಿಗೆ ಕರೆದುಕೊಂಡು ಹೋದರು. ನಲವತ್ತರ ಹೆಂಗಸು, ಉಸಿರು ತಪಾಸಣೆಯ ಕೋಣೆ ನೋಡಿಕೊಳ್ಳುವವರು. ಆ ದೇಶದಲ್ಲಿ ಯಾರದೇ ಕಾಡಿರಲಿ, ಯಾರು ಬೇಕಾದರೂ ನಡೆದು ಹೋಗಿ ಹಣ್ಣು ಕಿತ್ತುಕೊಳ್ಳಬಹುದು. ಇದನ್ನು ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಪುಟ್ಟಮಾದಮ್ಮನಿಗೆ ಹೇಳಿದೆ.

“ಗಾರ್ಡು?”

“ಇಲ್ಲ.”

“ಚೀಟಿ?”

“ಬೇಡವಂತೆ.”

“ಆನೆ?”

ಐನೊ ನಕ್ಕರು. ಕರಡಿ ಇವೆ, ಆದರೆ ಅವೂ ಯಾರನ್ನೂ ಮಾತಾಡಿಸುವುದಿಲ್ಲ ಎಂದರು.

ಪುಟ್ಟಮಾದಮ್ಮ ನಂಬಲಿಲ್ಲ. ಮೊದಲ ಹತ್ತು ನಿಮಿಷ ನೆಲ ನೋಡಿಕೊಂಡೇ ನಡೆದರು, ಲದ್ದಿ ಹುಡುಕುತ್ತಿದ್ದರು. ಜೀರಹಳ್ಳಿಯ ಕಾಡಂಚಿನಲ್ಲಿ ಸೌದೆಗೆ ಹೋದಾಗ ನಾವೆಲ್ಲ ಹಾಗೆಯೇ ನಡೆಯುವುದು. ಆಮೇಲೆ ಮೊಣಕಾಲೆತ್ತರದ ಪೊದೆಗಳಲ್ಲಿ ನೀಲಿ ಹಣ್ಣು ಕಂಡಿತು. ಸೆರಗು ಸಿಕ್ಕಿಸಿದರು. ಎರಡೂ ಕೈ ಒಟ್ಟಿಗೆ ಓಡಿದವು. ಐನೊ ಕೈಯಲ್ಲಿ ಬಾಚಣಿಗೆಯಂಥ ಒಂದು ಸಾಧನವಿತ್ತು. ಅವರ ಬಕೆಟ್ಟು ಅರ್ಧವಾಗುವಷ್ಟರಲ್ಲಿ ಪುಟ್ಟಮಾದಮ್ಮನದು ತುಂಬಿತ್ತು, ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಐನೊ ತಮ್ಮ ಸಾಧನವನ್ನು ನೋಡಿಕೊಂಡು ಚೀಲಕ್ಕೆ ಹಾಕಿಕೊಂಡರು.

ಸಂಜೆ ಅವರ ಮನೆಯ ಹಬೆಮನೆಗೆ ಕರೆದರು. ಅಲ್ಲಿ ಹೆಂಗಸರೆಲ್ಲ ಬಟ್ಟೆಯಿಲ್ಲದೆ ಕೂರುವುದು ರೂಢಿ. ನಾನು ಹೋಗಲಿಲ್ಲ. ಪುಟ್ಟಮಾದಮ್ಮ ಹೋದರು, ಒಳಸೀರೆ ಎದೆಗೆ ಕಟ್ಟಿಕೊಂಡು. ಕೆಂಪಾಗಿ ಹೊರಬಂದು, “ಬಾಣಂತಿ ನೀರು ಉಯ್ದಂಗ ಆಯ್ತು ಕಣ. ನೀನೂ ಬರಬೇಕಿತ್ತು. ಒಳಗ ಯಾರೂ ಯಾರ್ನೂ ನೋಡಲ್ಲ, ಸುಮ್ನ ಬೆವರ್ತರ,” ಎಂದರು.

ಆಸ್ಪತ್ರೆಯ ಊಟದ ಮನೆ

ಸಭೆಯ ಮೊದಲ ದಿನ ಮಧ್ಯಾಹ್ನ ನಾವು ನೋಡಿದ ದೃಶ್ಯವನ್ನು ತಾಳವಾಡಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಕೋಟು ಹಾಕಿದ, ತಲೆ ನರೆತ ಗಂಡಸರು ಊಟದ ತಟ್ಟೆಯ ಪಕ್ಕದಲ್ಲಿ ದೊಡ್ಡ ಲೋಟದ ತುಂಬ ತಣ್ಣನೆಯ ಹಾಲು ಇಟ್ಟುಕೊಂಡು ಕುಡಿಯುತ್ತಿದ್ದರು.

“ಮೀಸೆ ಬಂದೋರು ಆಲು ಕುಡೀತಾವ್ರಲ್ಲ! ನಾಚ್ಕ ಬ್ಯಾಡ್ವಾ?”

ಹಾಲು ಅರಗದವರು ಆ ದೇಶದಲ್ಲೂ ಇದ್ದಾರೆ. ಆದರೆ ಅವರನ್ನು ಯಾರೂ ಬಿಟ್ಟು ಊಟಕ್ಕೆ ಕೂರುವುದಿಲ್ಲ. ಹಾಲಿನೊಳಗಿನ ಸಕ್ಕರೆಯನ್ನು ಮೊದಲೇ ತೆಗೆದ ಹಾಲು, ಮೊಸರು, ಬೆಣ್ಣೆ ಪ್ರತಿ ಅಂಗಡಿಯಲ್ಲೂ ಮಾಮೂಲಿ ಹಾಲಿನ ಪಕ್ಕದಲ್ಲೇ ಇರುತ್ತವೆ. ಇವರಿಗೆ ಹಾಲು ಆಗುವುದಿಲ್ಲ ಎಂದು ಬಡಿಸುವ ಹುಡುಗಿಗೆ ಹೇಳಿ, ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವಳು ಅಂಥದೊಂದು ಲೋಟ ಮುಂದಿಟ್ಟಳು. ಯಾಕೆ, ಎಷ್ಟು ದಿನದಿಂದ, ಸ್ವಲ್ಪ ಕುಡಿದರೆ ಏನಾಗುತ್ತದೆ ಎಂದು ಕೇಳಲಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಪಾಯಸ ಬೇಡವೆಂದವರು ಅರ್ಧ ಪಂಕ್ತಿಗೆ ಸಮಾಧಾನ ಹೇಳಬೇಕಾಗುತ್ತದೆ.

ಪುಟ್ಟಮಾದಮ್ಮ ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟು, ಕಳ್ಳನಿಗೆ ಕಾಯುವವರ ಹಾಗೆ ಹೊಟ್ಟೆಯ ಮೇಲೆ ಕೈಯಿಟ್ಟು ಕೂತರು. ಇನ್ನೊಂದು ಗುಟುಕು. ಸಂಜೆಯವರೆಗೂ ಏನೂ ಆಗಲಿಲ್ಲ.

“ಗದ್ಲನೇ ಇಲ್ಲ ಕಣ ಒಳಗ,” ಎಂದರು, ಮಗ್ಗುಲು ಮನೆಯ ಜಗಳ ನಿಂತಾಗ ಹೇಳುವ ಹಾಗೆ. “ಇಪ್ಪತ್ತು ವರ್ಸದಿಂದ ಆಲು ಕರಿತಾ ಇವ್ನಿ, ಕುಡ್ದಿದ್ದು ಇವತ್ತೇ.”

ಅಷ್ಟು ಹೇಳಿ ಅವರು ಮುಖ ತಿರುಗಿಸಿಕೊಂಡರು. ನಾನೂ ಬೇರೆ ಕಡೆ ನೋಡಿದೆ.

ಉಸಿರಿನ ಕೋಣೆ

ಮರುದಿನ ಬೆಳಿಗ್ಗೆ ಕೇಂದ್ರಗಳಿಂದ ಬಂದವರಿಗೆ ಐನೊ ತಮ್ಮ ತಪಾಸಣೆಯ ಕ್ರಮ ತೋರಿಸಿದರು. ನನಗೆ ಬಹಳ ಹಿಡಿಸಿದ್ದು ಅವರ ನಿಧಾನ. ಕೊಳವೆ ಕೊಡುವ ಮೊದಲು ರೋಗಿಯ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಾರೆ, ನಿಂತು ಪ್ರಶ್ನೆ ಕೇಳುವುದಿಲ್ಲ. ಉತ್ತರ ಬಂದ ಮೇಲೂ ಸ್ವಲ್ಪ ಕಾಯುತ್ತಾರೆ, ಇನ್ನೇನಾದರೂ ಬರಬಹುದೆಂದು.

ಮಾದರಿಗೆ ಪುಟ್ಟಮಾದಮ್ಮನನ್ನೇ ಕೂರಿಸಿದರು. ಐನೊ ಕೇಳಿದ್ದನ್ನು ನಾನು ಊರಿನಲ್ಲಿ ಪ್ರತಿ ವಾರ ಕೇಳುವ ಹಾಗೆಯೇ ಕನ್ನಡದಲ್ಲಿ ಕೇಳಿದೆ.

“ಊಟ ಆಯ್ತಾ ಅವ್ವ?”

“ಆಯ್ತು ಕಣವ್ವ.”

ಆಯಿತಂತೆ ಎಂದು ಐನೊಗೆ ಹೇಳಿದೆ. ಹಾಗಾದರೆ ಸಂಖ್ಯೆ ಮೇಲಿರುತ್ತದೆ, ಪರವಾಗಿಲ್ಲ, ತೋರಿಸಲಿಕ್ಕೆ ತಾನೆ ಎಂದು ಅವರು ಊದಿಸಿದರು. ಯಂತ್ರದ ಸಂಖ್ಯೆ ತಳದಲ್ಲೇ ನಿಂತಿತು. ಐನೊ ಇನ್ನೊಮ್ಮೆ ಊದಿಸಿದರು. ಮತ್ತೆ ಅದೇ. ಇದು ಉಂಡವರ ಉಸಿರಲ್ಲವಲ್ಲ ಎಂದು ನನ್ನ ಮುಖ ನೋಡಿದರು.

ಆಗ ನನಗೆ ಹೊಳೆಯಿತು. ಹಿಂದಿನ ಸಂಜೆಯ ನಂತರ ಪುಟ್ಟಮಾದಮ್ಮ ಏನೂ ತಿಂದಿರಲಿಲ್ಲ. ಒಂದೇ ಕೋಣೆಯಲ್ಲಿದ್ದೆವು, ಬೆಳಿಗ್ಗೆ ಬ್ರೆಡ್ಡನ್ನು ಅವರು ದೂರ ತಳ್ಳಿದ್ದನ್ನು ನಾನೇ ನೋಡಿದ್ದೆ.

“ಅವ್ವ, ನೀವು ಬೆಳಿಗ್ಗೆ ಏನೂ ತಿನ್ನಲೇ ಇಲ್ಲವಲ್ಲ?”

“ಇಲ್ಲ.”

“ಮತ್ತೆ ಆಯ್ತು ಅಂದಿರಿ?”

“ನೀ ಕೇಳ್ದಲ್ಲ. ಕೇಳ್ದೋರ್ಗ ಆಯ್ತು ಅನ್ನದಲ್ವಾ? ಒಟ್ಟೆ ಅಸ್ಕೊಂಡು ಬಂದಿವ್ನಿ ಅಂತ ಯಾರಾದ್ರೂ ಅಂದಾರಾ, ತಿರ್ಕೊಂಡು ತಿನ್ನೋರಂಗ?”

ನನಗೆ ಮುಂದಿನ ಪ್ರಶ್ನೆ ಕೇಳಲು ಹೆದರಿಕೆಯಾಯಿತು. ಕೇಳಿದೆ. “ತಾಳವಾಡಿಯಲ್ಲಿ ನಾನು ನಿಮ್ಮನ್ನು ಮೂರು ಸಲ ವಾಪಸು ಕಳಿಸಿದೆ. ಆಗ?”

“ಆಗ್ಲೂ ಅಸ್ಕೊಂಡೇ ಬಂದಿದ್ದಿ. ತಿಗನಾರೆಯಿಂದ ನಡ್ಕೊಂಡು. ನೀ ಕೇಳ್ದೆ, ನಾ ಆಯ್ತು ಅಂದಿ. ಇನ್ನೊಂದ್ ವಾರ ಬನ್ನಿ ಅಂತ ನೀ ಅಂದೆ. ಅದೇನೋ ನಿಮ್ದು ಲೆಕ್ಕ ಇದ್ದದು ಅಂತ ಮನೆಗ ಓದಿ.”

“ನಾಲ್ಕನೆಯ ಸಲ ಹೇಗಾಯಿತು?”

“ಅವತ್ತು ನಿನ್ ಬಸ್ಸು ಕೆಟ್ಟೋಗಿ ತಡವಾಗಿತ್ತು. ಓಡ್ಕೊಂಡು ಬಂದೋಳೆ, ಏನೂ ಕೇಳ್ದಲೇ ಊದವ್ವ ಅಂದೆ. ನಾ ಊದ್ದಿ.”

ಕೈಚೀಲದ ದಾಖಲೆ ತೆಗೆದು ನೋಡಿದೆ. ಅವರ ಹೆಸರಿನ ಸಾಲಿನಲ್ಲಿ ಆ ದಿನದ ಊಟದ ಪ್ರಶ್ನೆಯ ಖಾನೆ ಖಾಲಿಯಿತ್ತು. ನಮ್ಮ ತಪ್ಪುಗಳ ಪಟ್ಟಿಯಲ್ಲಿ ಅದೂ ಸೇರಿತ್ತು.

ಕಳೆದ ಎಂಟು ಗಂಟೆಗಳಲ್ಲಿ ಏನನ್ನಾದರೂ ಸೇವಿಸಿದ್ದೀರಾ ಎಂಬುದು ಮೂಲ ಪ್ರಶ್ನೆ. ಅದನ್ನು ಕನ್ನಡಕ್ಕೆ ತಂದವಳು ನಾನು. ಪುಸ್ತಕದ ಮಾತು ಬೇಡ, ನಮ್ಮವರು ಮಾತಾಡುವಂತಿರಲಿ ಎಂದು ‘ಊಟ ಆಯ್ತಾ’ ಎಂದು ಬರೆದಿದ್ದೆ. ಹೊರಗಿನವರಾರಾದರೂ ಬರೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ನಾನೂ ಆ ಮಾತಿಗೆ ಹುಟ್ಟಿದಾಗಿನಿಂದ ‘ಆಯ್ತು’ ಎಂದೇ ಉತ್ತರ ಕೊಟ್ಟವಳು. ಹಾಗಾಗಿಯೇ ನನಗೆ ಕಾಣಲಿಲ್ಲ. ಆ ಜಗಲಿಯಿಂದ ನಾನು ವಾಪಸು ಕಳಿಸಿದವರೆಲ್ಲ ಸೂಚನೆಯನ್ನು ಅಕ್ಷರಶಃ ಪಾಲಿಸಿ, ಹಸಿದು ಬಂದು, ಹಸಿದೇ ಹೋಗಿದ್ದರು.

ಸಭೆ

ಉದ್ದನೆಯ ಮೇಜು, ಪ್ರತಿಯೊಬ್ಬರ ಮುಂದೆ ಒಂದು ಲೋಟ ನೀರು. ಪುಟ್ಟಮಾದಮ್ಮ ಕಿವಿಯಲ್ಲಿ ಕೇಳಿದರು, “ಇವ್ರ್ಗೇನಾ ನಾವು ಮನು ಕೊಡಬೇಕಾದ್ದು?” ಅರ್ಜಿಗೆ ನಮ್ಮ ಕಡೆ ಹಾಗೇ ಅನ್ನುವುದು. ಹೌದು ಎಂದೆ.

ನಾನು ಸಭೆಗಳಲ್ಲಿ ಮಾತಾಡುವವಳಲ್ಲ. ಆ ದಿನ ಎದ್ದು ನಿಂತು, ತಪ್ಪು ಜನರದಲ್ಲ, ನನ್ನ ಪ್ರಶ್ನೆಯದು ಎಂದು ಹೇಳಿದೆ. ಬೆಳಿಗ್ಗೆ ನಡೆದದ್ದನ್ನು ಹೇಳಿದೆ. ಅಧ್ಯಕ್ಷತೆ ವಹಿಸಿದ್ದವರು ಹೆಲೆನಾ ಎಂಬ ಹಿರಿಯ ವೈದ್ಯೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ದೇಶದಲ್ಲಿ ಅದು ಕೋಪವಲ್ಲ, ಯೋಚನೆ ಎಂದು ಅಷ್ಟರಲ್ಲಿ ಕಲಿತಿದ್ದೆ.

ಬೇರೊಂದು ಕೇಂದ್ರದ ವೈದ್ಯರೊಬ್ಬರು ಆಕ್ಷೇಪಿಸಿದರು. ಮರ್ಯಾದೆಗಾಗಿ ಒಂದು ಸುಳ್ಳು ಹೇಳುವವರು ನೋವಿನ ವಿಷಯದಲ್ಲೂ ಹೇಳಬಹುದಲ್ಲ, ಅವರ ಯಾವ ಉತ್ತರವನ್ನು ನಂಬುವುದು?

“ಏನಂದ ಅವ್ನು?” ಪುಟ್ಟಮಾದಮ್ಮ ಕೇಳಿದರು. ಒಂದು ಪದವನ್ನೂ ಬಿಡದೆ ಹೇಳಿದೆ.

ಅವರು ಆ ವೈದ್ಯರ ಕಡೆಗೇ ತಿರುಗಿದರು. “ಸುಳ್ಳಲ್ಲ ಸ್ವಾಮಿ ಅದು. ನೀವು ದಾರೀಲಿ ಓಯ್ತಾ ಇದ್ದಾಗ ಎಂಗಿದ್ದೀರಿ ಅಂತ ಯಾರಾದ್ರೂ ಕೇಳುದ್ರ, ನಂಗ ಮೂಲವ್ಯಾಧಿ ಅದ, ಕೂರಕಾಗಲ್ಲ ಅಂತ ಯೋಳ್ತೀರಾ? ಚೆಂದಾಗಿವ್ನಿ ಅಂತೀರಿ ತಾನೆ? ಅದ್ಕ ನಿಮ್ಮನ್ನ ಸುಳ್ಳುಗಾರ ಅಂದ್ರ ಎಂಗಾಯ್ತದ?”

ಅನುವಾದಿಸಲು ಒಂದು ಕ್ಷಣ ಹಿಂಜರಿದೆ. ಅನುವಾದಿಸಿದೆ, ಮೂಲವ್ಯಾಧಿಯನ್ನೂ ಸೇರಿಸಿ. ಕರುಳಿನ ವೈದ್ಯರೇ ತುಂಬಿದ್ದ ಆ ಕೋಣೆಯಲ್ಲಿ ಎರಡು ದಿನದಲ್ಲಿ ಮೊದಲ ಬಾರಿಗೆ ನಗು ಕೇಳಿಸಿತು. ಆಕ್ಷೇಪಿಸಿದ ವೈದ್ಯರು ಎಲ್ಲರಿಗಿಂತ ಹೆಚ್ಚು ನಕ್ಕರು.

ಹೆಲೆನಾ ಮಾತ್ರ ನಗದೆ ಮುಂದೆ ಬಾಗಿದರು. ಹಾಗಾದರೆ ನಿಮ್ಮವರಿಂದ ನಿಜ ತಿಳಿಯಬೇಕಾದರೆ ಹೇಗೆ ಕೇಳಬೇಕು?

ಪುಟ್ಟಮಾದಮ್ಮ ತಮ್ಮ ಬಲಗೈ ನೋಡಿಕೊಂಡರು. “ಉಂಡ್ಮೇಲ ಕೈ ತೊಳ್ದಿದ್ದು ಯಾವಾಗ ಅಂತ ಕೇಳಿ. ನೆನ್ನ ಸಂದ್ಯಲಿ ಅಂತ್ಲೋ, ಈಗ ಬರುವಾಗ ಅಂತ್ಲೋ, ಇದ್ದದ್ ಇದ್ದಂಗ ಯೋಳ್ತರ. ಅದ್ರಲ್ಲಿ ಮಾನ ಓಗದೇನದ?”

ಹೆಲೆನಾ ಅದನ್ನು ನನ್ನಿಂದ ಎರಡು ಸಲ ಹೇಳಿಸಿ ಬರೆದುಕೊಂಡರು. ಪತ್ರದಲ್ಲಿದ್ದ ಆ ವಾಕ್ಯವನ್ನು ಎಲ್ಲರ ಮುಂದೆ ಹೊಡೆದುಹಾಕಿಸಿದರು. ತಾಳವಾಡಿ ಕೇಂದ್ರ ಮುಂದಿನ ಸಭೆಯವರೆಗೆ ಉಳಿಯಿತು. ಷರತ್ತು ಒಂದೇ: ವಾಪಸು ಕಳಿಸಿದ ಪ್ರತಿಯೊಬ್ಬರನ್ನೂ ನಾನು ಮತ್ತೆ ಕರೆಯಬೇಕು, ಯಾಕೆ ಕರೆಯುತ್ತಿದ್ದೇನೆಂದು ಅವರಿಗೆ ಹೇಳಬೇಕು. ಎರಡನೆಯದನ್ನು ಹೆಲೆನಾ ಒತ್ತಿ ಹೇಳಿದರು. ರೋಗಿಯ ಸಮಯವನ್ನು ನಾವು ಕಳೆದಿದ್ದರೆ ಅದು ರೋಗಿಗೆ ಗೊತ್ತಿರಬೇಕು ಎಂಬುದು ಅವರ ನಿಯಮ. ಆ ದೇಶದಲ್ಲಿ ನಾನು ಕಂಡ ಕೆರೆ, ಕಾಡು, ಹಾಲು ಎಲ್ಲಕ್ಕಿಂತ ಈ ನಿಯಮ ನನಗೆ ದೊಡ್ಡದಾಗಿ ಕಂಡಿತು.

ತಾಳವಾಡಿ

ಊರಿಗೆ ಮರಳಿದ ಮುಂದಿನ ವಾರ, ನಾನು ಮತ್ತೆ ಕರೆದವರಿಂದ ಜಗಲಿ ತುಂಬಿತ್ತು. ಪುಟ್ಟಮಾದಮ್ಮ ಬೆಳಿಗ್ಗೆಯೇ ಬಂದು, ಕಂಬಕ್ಕೆ ಒರಗಿ, ಮೀಸೆಯ ಗಂಡಸರು ಹಾಲು ಕುಡಿಯುವ ಕಥೆಯನ್ನು ಮೂರನೆಯ ಸಲ ಹೇಳುತ್ತಿದ್ದರು. ನಾನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ನನ್ನ ತಪ್ಪನ್ನು ಹೇಳಿದೆ.

 ಹಿಂದಿನಿಂದ ಒಬ್ಬ ಹೆಂಗಸು, “ಇದ ತಿಳ್ಕಳಕ ಅಷ್ಟ್ ದೂರ ಓಗ್ಬೇಕಾಯ್ತಾ? ನನ್ ಕೇಳಿದ್ರ ಇಲ್ಲೇ ಯೋಳ್ತಿರ್ಲಿಲ್ವಾ?” ಎಂದಳು. ಎಲ್ಲರೂ ನಕ್ಕರು.

ಮೊದಲ ಹೆಸರು ಜೀರಹಳ್ಳಿಯ ಸಿದ್ದಪ್ಪನವರದು. ಎಪ್ಪತ್ತು ದಾಟಿದವರು. ಎರಡು ಸಲ ವಾಪಸು ಕಳಿಸಿದ್ದೆ. ನಾನು ಕುರ್ಚಿ ಎಳೆದುಕೊಂಡು ಎದುರು ಕೂತೆ.

“ಉಂಡ್ಮೇಲೆ ಕೈ ತೊಳೆದಿದ್ದು ಯಾವಾಗ ಅಪ್ಪಾಜಿ?”

“ನೆನ್ನ. ದನ ಕಟ್ಟಿ ಒಳಕ್ಕ ಬಂದ್ಮೇಲ.”

ಊದಿದರು. ಸಕ್ಕರೆ ನೀರು ಕುಡಿದರು. ಮೂರು ಗಂಟೆ ಕೂತರು. ಸಂಖ್ಯೆ ಒಂದೊಂದು ಸಲಕ್ಕೂ ಮೇಲೇರಿತು. ಕಾರಣ ಹಾಲು ಎಂದು ಹೇಳಿದೆ; ಬೆಳಿಗ್ಗೆ ಸಂಜೆ ಅವರು ಕುಡಿಯುವ ದೊಡ್ಡ ಲೋಟದ ಹಾಲು ಬಿಟ್ಟರೆ ಹೊಟ್ಟೆಯ ಉಬ್ಬರವೂ ನೋವೂ ಕಡಿಮೆಯಾಗುತ್ತದೆ, ಮಜ್ಜಿಗೆ ಸ್ವಲ್ಪ ಕುಡಿದು ನೋಡಬಹುದು, ಮುಂದಿನ ವಾರ ಡಾಕ್ಟರು ಇನ್ನೊಮ್ಮೆ ನೋಡುತ್ತಾರೆ ಎಂದೆ.

“ಆಲಾ?” ಎಂದರು. “ನೋವು ಬಂದಾಗೆಲ್ಲ ಸಕ್ತಿ ಬರ್ಲಿ ಅಂತ ಸೊಸೆ ಇನ್ನೊಂದ್ ಲೋಟ ಕೊಡೋಳು.”

ನಾನು ಬರೆದುಕೊಟ್ಟ ಚೀಟಿ ಮಡಿಸಿ ಜೇಬಿಗಿಟ್ಟರು. ಏಳಲು ಹೊರಟವರು ಮತ್ತೆ ಕೂತರು.

“ಅಂಗಾರ ಓದ್ ಮಳೆಗಾಲ್ದಲ್ಲಿ ನಾ ಮೊದ್ಲು ಬಂದಾಗ್ಲೇ ಇದು ಗೊತ್ತಾಯ್ತಿತ್ತಾ?”

“ಗೊತ್ತಾಗ್ತಿತ್ತು,” ಎಂದೆ.

ಅವರು ಜೇಬಿನ ಚೀಟಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಎದ್ದು, ಪಕ್ಕದಲ್ಲಿ ಕಾಯುತ್ತಿದ್ದ ಹೆಂಗಸಿಗೆ ಆ ಜಾಗ ಬಿಟ್ಟುಕೊಟ್ಟು ಮೆಟ್ಟಿಲು ಇಳಿದರು. ನಾನು ಹೊಸ ಕೊಳವೆ ತೆಗೆದು ಅವಳ ಹೆಸರು ಕೇಳಿದೆ.